ಪೊರೆಯ ಹೊರಗೂ ಮಡಿಕೆ ಕೆಡದಂತೆ: ರಿಸೆಪ್ಟರ್ ಪ್ರೋಟೀನ್ ತಯಾರಿಸಿ ಶುದ್ಧೀಕರಿಸುವ ಕ್ರಮ

ಧಾರವಾಡ, ಬೆಳಗಾವಿ, ಕಲಬುರಗಿ, ಮೈಸೂರುಗಳಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಪುಣೆಯ ಪಾಷಾಣ, ಗಣೇಶಖಿಂಡ ಕಡೆಯ ಪ್ರಯೋಗಾಲಯಗಳಿಗೆ ಸಂಶೋಧನೆಗಾಗಿ ಬರುವ ಕನ್ನಡದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ನೀರಿನಲ್ಲಿ ಕರಗುವ ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ನಿಕಲ್ ಕಾಲಂನಲ್ಲಿ ಹಿಡಿದು, ಎರಡು ಮೂರು ದಿನಗಳಲ್ಲಿ ಶುದ್ಧ ಮಾಡಿದ ಅನುಭವ ಇರುತ್ತದೆ. ಕೋಶಪೊರೆಯಲ್ಲಿ ಕುಳಿತು ಹೊರಗಿನ ಸಂಕೇತವನ್ನು ಗ್ರಹಿಸುವ ರಿಸೆಪ್ಟರ್ ಕೈಗೆ ಬಂದಾಗ ಅದೇ ಕ್ರಮವನ್ನು ಅನುಸರಿಸಿದರೆ ಜೆಲ್ ಮೇಲೆ ಪಟ್ಟಿಯೇನೋ ಕಾಣಿಸುತ್ತದೆ. ಆದರೆ ಆ ಪಟ್ಟಿಯಲ್ಲಿರುವ ಪ್ರೋಟೀನು ತನ್ನ ಲಿಗಂಡನ್ನು (ತನಗೆ ಬಂದು ಅಂಟುವ ಅಣುವನ್ನು) ಹಿಡಿಯದ, ಮಡಿಕೆ (ಮಡಿಚಿಕೊಂಡ ಸಹಜ ಆಕಾರ) ಬಿಚ್ಚಿದ ಸರಪಳಿ ಮಾತ್ರವಾಗಿರಬಹುದು. ಆದ್ದರಿಂದ ಇಡೀ ಕೆಲಸದ ಉದ್ದಕ್ಕೂ ‘ಎಷ್ಟು ಸಿಕ್ಕಿತು’ ಎಂಬುದಕ್ಕಿಂತ ಮೊದಲು ‘ಸಿಕ್ಕಿದ್ದರಲ್ಲಿ ಎಷ್ಟು ಇನ್ನೂ ಕೆಲಸ ಮಾಡುತ್ತಿದೆ’ ಎಂದು ಕೇಳಬೇಕು. ಪ್ರತಿ ಹಂತದಲ್ಲೂ ಈ ಪ್ರಶ್ನೆಗೆ ಅಳತೆಯಿಂದ ಉತ್ತರ ಪಡೆಯದೆ ಮುಂದಿನ ಹಂತಕ್ಕೆ ಕಾಲಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ರಿಸೆಪ್ಟರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ: ಮನುಷ್ಯರ ಅಡೆನೊಸಿನ್ ಎ2ಎ ರಿಸೆಪ್ಟರ್. ಇದು 412 ಅಮೈನೊ ಆಮ್ಲಗಳ, ಸುಮಾರು 45 ಕಿಲೋಡಾಲ್ಟನ್ ತೂಕದ ಪ್ರೋಟೀನು. ಪೊರೆಯನ್ನು ಏಳು ಬಾರಿ ದಾಟುವ, ಕೋಶದೊಳಗೆ ಸಂಕೇತ ಸಾಗಿಸುವ ಜಿ-ಪ್ರೋಟೀನಿನೊಡನೆ ಕೂಡಿ ಕೆಲಸ ಮಾಡುವ ದೊಡ್ಡ ಕುಟುಂಬಕ್ಕೆ ಸೇರಿದ್ದು. ಮನುಷ್ಯರಲ್ಲಿ ಈ ಕುಟುಂಬದ ಸುಮಾರು 800 ರಿಸೆಪ್ಟರ್‌ಗಳಿವೆ, ಬಳಕೆಯಲ್ಲಿರುವ ಔಷಧಗಳಲ್ಲಿ ಹತ್ತಿರಹತ್ತಿರ ಮೂರನೇ ಒಂದು ಭಾಗ ಇವುಗಳ ಮೇಲೆಯೇ ಕೆಲಸ ಮಾಡುತ್ತದೆ, ಮತ್ತು ಇವುಗಳ ಅಧ್ಯಯನಕ್ಕಾಗಿಯೇ ರಾಬರ್ಟ್ ಲೆಫ್ಕೊವಿಟ್ಜ್ ಹಾಗೂ ಬ್ರಯಾನ್ ಕೊಬಿಲ್ಕಾ ಅವರಿಗೆ 2012ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ಕಾಫಿಯಲ್ಲಿರುವ ಕೆಫೀನ್ ತಡೆಹಿಡಿಯುವುದು ಅಡೆನೊಸಿನ್ ರಿಸೆಪ್ಟರ್‌ಗಳನ್ನೇ, ಅವುಗಳಲ್ಲಿ ಎ2ಎ ಪ್ರಮುಖವಾದುದು. ಕಲಿಯುವವರಿಗೆ ಇದು ಅನುಕೂಲದ ರಿಸೆಪ್ಟರ್. ಏಕೆಂದರೆ ಇದರ ರಚನೆ 2008ರಿಂದಲೇ ಗೊತ್ತಿದೆ, ಬೇರೆ ಬೇರೆ ಶಕ್ತಿಯ ಲಿಗಂಡ್‌ಗಳು ಸಿಗುತ್ತವೆ, ಮತ್ತು ಆಸ್ತಮಾದ ಹಳೆಯ ಔಷಧವಾದ ಥಿಯೊಫಿಲಿನ್ ಇದನ್ನು ಹದವಾಗಿ ಹಿಡಿಯುತ್ತದೆ. ಅದು ಏಕೆ ಮುಖ್ಯವೆಂಬುದು ಮುಂದೆ ತಿಳಿಯುತ್ತದೆ.

ಶುರು ಮಾಡುವ ಮುನ್ನ

ಮೊದಲು ಕಾಗದಪತ್ರಗಳು. ಮನುಷ್ಯರ ಜೀನನ್ನು ವೈರಸ್ಸಿಗೆ ಸೇರಿಸಿ ಕೋಶಗಳಲ್ಲಿ ಬೆಳೆಸುವ ಕೆಲಸವು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬಂದ 1989ರ ನಿಯಮಗಳ ವ್ಯಾಪ್ತಿಗೆ ಸೇರುತ್ತದೆ; ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮುಂದೆ ಯೋಜನೆಯನ್ನಿಟ್ಟು ಒಪ್ಪಿಗೆ ಪಡೆದ ಮೇಲಷ್ಟೇ ಜೀನ್‌ಗೆ ಆರ್ಡರ್ ಕೊಡಿ. ವಿಕಿರಣಶೀಲ ಲಿಗಂಡ್ ಬಳಸುವ ಆಲೋಚನೆಯಿದ್ದರೆ ಮುಂಬಯಿಯ ಅಣುಶಕ್ತಿನಗರದಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ನಿಮ್ಮ ಸಂಸ್ಥೆಗೆ ಇದೆಯೇ ಎಂದು ಈಗಲೇ ವಿಚಾರಿಸಿಕೊಳ್ಳಿ. ಪ್ರೋಟೀನು ಸಿದ್ಧವಾದ ಮೇಲೆ ಕೇಳಿದರೆ ಪ್ರೋಟೀನಿಗೆ ಕಾಯುವ ತಾಳ್ಮೆ ಇರುವುದಿಲ್ಲ.

ಎರಡನೆಯದು ದಿನಗಳ ಲೆಕ್ಕ. ಪುಣೆಯಲ್ಲಿ ನೀರಿನ ದುರಸ್ತಿ ಕಾಮಗಾರಿಗಳಿಗೆ ಗುರುವಾರವನ್ನು ಇಟ್ಟುಕೊಳ್ಳುವ ರೂಢಿಯಿದೆ. ನೀರಿನಿಂದ ತಂಪಾಗುವ ಯಂತ್ರಗಳಿರುವ ಕಡೆ, ಪೊರೆಯಿಂದ ಪ್ರೋಟೀನನ್ನು ಬಿಡಿಸುವ ದಿನ ಗುರುವಾರಕ್ಕೆ ಬೀಳದಂತೆ ನೋಡಿಕೊಳ್ಳಿ. ಗಣೇಶೋತ್ಸವದ ಕೊನೆಯ ದಿನಗಳಲ್ಲಿ ನಗರದ ನಡುಭಾಗದ ರಸ್ತೆಗಳು ಮುಚ್ಚಿರುತ್ತವೆ. ಡ್ರೈ ಐಸ್‌ನಲ್ಲಿ ಬರಬೇಕಾದ ವಸ್ತುಗಳನ್ನು ಆ ವಾರಕ್ಕೆ ತರಿಸಿಕೊಳ್ಳಬೇಡಿ. ಅಲ್ಟ್ರಾಸೆಂಟ್ರಿಫ್ಯೂಜ್ ಹಲವು ಪ್ರಯೋಗಾಲಯಗಳು ಹಂಚಿಕೊಳ್ಳುವ ಯಂತ್ರವಾದ್ದರಿಂದ ಕೋಶಗಳಿಗೆ ವೈರಸ್ ಹಾಕುವ ದಿನವೇ ಅದರ ಸರದಿಯನ್ನು ಕಾಯ್ದಿರಿಸಬೇಕು.

ಜೀನ್‌ನ ವಿನ್ಯಾಸ

ವಿನ್ಯಾಸದಲ್ಲಿ ಎರಡು ದಿನ ಹೆಚ್ಚು ಕೂತರೆ ಮುಂದೆ ಎರಡು ತಿಂಗಳು ಉಳಿಯುತ್ತದೆ. ಸರಪಳಿಯ ಮೊದಲ ತುದಿಗೆ, ಅಂದರೆ ಕೋಶದ ಹೊರಗೆ ಉಳಿಯುವ ತುದಿಗೆ, ಇನ್‌ಫ್ಲುಯೆಂಜಾ ಹೀಮಗ್ಲುಟಿನಿನ್‌ನ ಸಂಕೇತ ಸರಣಿಯನ್ನು ಸೇರಿಸುತ್ತಾರೆ. ಇದು ಪ್ರೋಟೀನನ್ನು ಪೊರೆಯ ದಾರಿಗೆ ಹಚ್ಚಿ, ತನ್ನ ಕೆಲಸ ಮುಗಿದ ಮೇಲೆ ಕತ್ತರಿಸಿಹೋಗುತ್ತದೆ. ಅದರ ಬೆನ್ನಿಗೆ ಫ್ಲ್ಯಾಗ್ ಟ್ಯಾಗ್ (ಪ್ರತಿಕಾಯದಿಂದ ಗುರುತು ಹಿಡಿಯಬಹುದಾದ ಚಿಕ್ಕ ಸರಣಿ) ಇರಲಿ. ಕೊನೆಯ ತುದಿಯಲ್ಲಿ ಹತ್ತು ಹಿಸ್ಟಿಡಿನ್‌ಗಳ ಸಾಲು ಇರಲಿ. ನೀರಿನ ಪ್ರೋಟೀನುಗಳಿಗೆ ಆರು ಸಾಕಾಗುತ್ತದಾದರೂ ಇಲ್ಲಿ ಪೊರೆಯಿಂದ ಬಿಡಿಸಲು ಹಾಕುವ ಸಾಬೂನಿನಂಥ ಡಿಟರ್ಜೆಂಟಿನ ಪದರ ಟ್ಯಾಗನ್ನು ಭಾಗಶಃ ಮುಚ್ಚುವುದರಿಂದ ಉದ್ದನೆಯ ಸಾಲು ಕಾಲಂ ಅನ್ನು ಗಟ್ಟಿಯಾಗಿ ಹಿಡಿಯುತ್ತದೆ, ನೀವೂ ಹಿಸ್ಟಿಡಿನ್ ಹಿಡಿತವನ್ನು ಸಡಿಲಿಸುವ ಇಮಿಡಜೋಲನ್ನು ಹೆಚ್ಚು ಹಾಕಿ ತೊಳೆಯಬಹುದು. ರಿಸೆಪ್ಟರಿಗೂ ಟ್ಯಾಗಿಗೂ ನಡುವೆ ಟಿಇವಿ ಅಥವಾ 3ಸಿ ಎಂಬ ಪ್ರೋಟಿಯೇಸ್ (ಪ್ರೋಟೀನನ್ನು ತುಂಡರಿಸುವ ಕಿಣ್ವ) ಕತ್ತರಿಸುವ ಜಾಗವನ್ನು ಇಡಿ.

ಎ2ಎ ರಿಸೆಪ್ಟರಿನ ಕೊನೆಯ ಸುಮಾರು ನೂರು ಅಮೈನೊ ಆಮ್ಲಗಳು ಕೋಶದೊಳಗೆ ನಿಶ್ಚಿತ ಆಕಾರವಿಲ್ಲದೆ ಜೋತಾಡುತ್ತವೆ, ಪ್ರೋಟಿಯೇಸ್‌ಗಳು ಮೊದಲು ಬಾಯಿ ಹಾಕುವುದು ಅಲ್ಲಿಗೇ. ರಚನೆಯ ಅಧ್ಯಯನಕ್ಕೆ ಇದನ್ನು 316ನೇ ಸ್ಥಾನದಲ್ಲಿ ಮೊಟಕುಗೊಳಿಸುವುದು ವಾಡಿಕೆ. ಹರಳು ಬೆಳೆಸುವ ಉದ್ದೇಶವಿದ್ದವರು ಮೂರನೇ ಒಳಕುಣಿಕೆಯಲ್ಲಿ ಟಿ4 ಲೈಸೊಜೈಮ್ ಅಥವಾ ಬ್ರಿಲ್ ಎಂಬ ಸಣ್ಣ ಗಟ್ಟಿ ಪ್ರೋಟೀನನ್ನು ಹೆಣೆಯುತ್ತಾರೆ. ಆದರೆ ಆ ಜಾಗವು ಜಿ-ಪ್ರೋಟೀನು ಬಂದು ಕೂಡುವ ಸ್ಥಳವೇ ಆದ್ದರಿಂದ, ಸಂಕೇತ ರವಾನೆಯನ್ನು ಅಭ್ಯಾಸ ಮಾಡುವವರು ಇಂಥ ಹೆಣಿಗೆಯನ್ನು ಮುಟ್ಟಬಾರದು. ನಿಮ್ಮ ಪ್ರಶ್ನೆ ಯಾವುದೆಂದು ನಿರ್ಧರಿಸಿದ ಮೇಲೆ ಜೀನನ್ನು ಬರೆಯಿರಿ. ಬೇರೊಬ್ಬರ ಪ್ಲಾಸ್ಮಿಡ್ (ಜೀನನ್ನು ಹೊತ್ತ ಡಿಎನ್‌ಎ ಉಂಗುರ) ಸುಲಭವಾಗಿ ಸಿಕ್ಕಿತೆಂದು ಪ್ರಶ್ನೆಯನ್ನೇ ಬದಲಿಸಿಕೊಳ್ಳಬೇಡಿ.

ಯಾವ ಕೋಶದಲ್ಲಿ ಬೆಳೆಸಬೇಕು

ಇ. ಕೋಲಿ ಅಗ್ಗ, ವೇಗ ಎರಡೂ ಹೌದು. ಮಿರು ಮತ್ತು ವಾಕರ್ 1996ರಲ್ಲಿ ವರದಿ ಮಾಡಿದ ಸಿ41, ಸಿ43 ತಳಿಗಳು ಪೊರೆಯ ಪ್ರೋಟೀನುಗಳ ಹೊರೆಯನ್ನು ತಡೆದುಕೊಳ್ಳುತ್ತವೆ. ಆದರೆ ಅದರ ಪೊರೆಯಲ್ಲಿ ಕೊಲೆಸ್ಟರಾಲ್ ಇಲ್ಲ, ಸಕ್ಕರೆಯ ಕೊಂಡಿಗಳನ್ನು ನಮ್ಮ ಕೋಶಗಳಂತೆ ಅದು ಜೋಡಿಸುವುದಿಲ್ಲ. ಪಿಕಿಯಾ ಯೀಸ್ಟ್ ಎ2ಎಗೆ ಚೆನ್ನಾಗಿ ಒಗ್ಗುತ್ತದೆ, ಐಸೊಟೋಪ್ ಸೇರಿಸಿ ಎನ್‌ಎಂಆರ್ ಮಾಡುವವರಿಗೆ ಅದು ಒಳ್ಳೆಯ ಆಯ್ಕೆ. ಗಟ್ಟಿಯಾದ ಕೋಶಭಿತ್ತಿಯನ್ನು ಒಡೆಯಲು ಮಾತ್ರ ಹೆಚ್ಚು ಒತ್ತಡದ ಯಂತ್ರ ಬೇಕಾಗುತ್ತದೆ. ಎಚ್‌ಇಕೆ293 ಕೋಶಗಳು ಮನುಷ್ಯ ಮೂಲದವಾದ್ದರಿಂದ ಸಹಜ ಪರಿಸರ ಒದಗಿಸುತ್ತವೆ. ಪ್ರಾಣಿಕೋಶಗಳ ರಾಷ್ಟ್ರೀಯ ಭಂಡಾರವಿರುವ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ ಪುಣೆಯಲ್ಲೇ ಇರುವುದು ಇಲ್ಲಿಯವರಿಗೆ ಒಂದು ಭಾಗ್ಯ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಎಸ್‌ಎಫ್9 ಎಂಬ ಕೀಟಕೋಶ. ಇಂಗಾಲದ ಡೈಆಕ್ಸೈಡ್ ಬೇಡ, ಶೇಕರ್ ಮೇಲೆ ತೇಲುತ್ತಲೇ ಬೆಳೆಯುತ್ತದೆ, ಲೀಟರುಗಟ್ಟಲೆ ಮಾಡಬಹುದು.

ಈ ಎಸ್‌ಎಫ್9 ಕೋಶಗಳು ಬಂದಿರುವುದು ಫಾಲ್ ಸೈನಿಕ ಹುಳುವಿನ ಅಂಡಾಶಯದಿಂದ. 2018ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಕಾಣಿಸಿಕೊಂಡು ನಮ್ಮ ರೈತರನ್ನು ಕಂಗೆಡಿಸಿದ ಹುಳು ಇದೇ. ಅದರ ಕೋಶಗಳು ಅದಕ್ಕಿಂತ ಬಹಳ ಹಿಂದಿನಿಂದಲೂ ಪ್ರಯೋಗಾಲಯಗಳಲ್ಲಿ ಲಸಿಕೆಗೂ ರಿಸೆಪ್ಟರಿಗೂ ದುಡಿಯುತ್ತಿವೆ.

ಕೋಶ ಮತ್ತು ವೈರಸ್

ಎಸ್‌ಎಫ್9 ಕೋಶಗಳಿಗೆ 27 ಡಿಗ್ರಿ ಸೆಲ್ಸಿಯಸ್ ಬೇಕು. ಪುಣೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೋಣೆಯ ಶಾಖವೇ ಅದನ್ನು ಮೀರಿರುತ್ತದೆ. ಬಿಸಿ ಮಾಡುವ ವ್ಯವಸ್ಥೆ ಮಾತ್ರವಿದ್ದು ತಂಪು ಮಾಡುವ ವ್ಯವಸ್ಥೆಯಿಲ್ಲದ ಶೇಕರ್‌ನಲ್ಲಿ ಕೋಶಗಳು 30 ಡಿಗ್ರಿ ದಾಟಿ ನರಳುತ್ತವೆ, ಇಳುವರಿ ಕುಸಿಯುತ್ತದೆ. ಯಂತ್ರದ ಪರದೆಯನ್ನು ನಂಬದೆ, ನೀರು ತುಂಬಿದ ಫ್ಲಾಸ್ಕಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿ ಹಗಲು ನೋಡಿ.

ಆರೋಗ್ಯವಂತ ಕೋಶಗಳು ಸುಮಾರು 24 ಗಂಟೆಗಳಿಗೊಮ್ಮೆ ಇಮ್ಮಡಿಯಾಗುತ್ತವೆ, ಅವುಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜೀವಂತವಾಗಿರಬೇಕು. ರಿಸೆಪ್ಟರಿನ ಜೀನನ್ನು ಈ ಕೋಶಗಳೊಳಗೆ ಒಯ್ಯುವುದು ಬ್ಯಾಕುಲೊವೈರಸ್ ಎಂಬ ಕೀಟಗಳ ವೈರಸ್. ಜೀನ್ ಸೇರಿಸಿದ, ಆ ವೈರಸ್ಸಿನ ಬ್ಯಾಕ್ಮಿಡ್ ಡಿಎನ್‌ಎಯನ್ನು ಕೋಶಗಳಿಗೆ ಕೊಟ್ಟಾಗ ಬರುವ ಮೊದಲ ಪೀಳಿಗೆಯ ವೈರಸ್ಸನ್ನು, ಕೋಶಗಳ ಸಂಖ್ಯೆಗಿಂತ ಕಡಿಮೆ ವೈರಸ್ ಹಾಕಿ, ಒಂದೆರಡು ಪೀಳಿಗೆ ಮಾತ್ರ ವೃದ್ಧಿಸಿ. ಪೀಳಿಗೆ ಹೆಚ್ಚಿದಂತೆ ಜೀನ್ ಕಳೆದುಕೊಂಡ ದೋಷಯುಕ್ತ ಕಣಗಳು ತುಂಬಿಕೊಳ್ಳುತ್ತವೆ. ವೈರಸ್ಸನ್ನು ಬೆಳಕು ಬೀಳದಂತೆ 4 ಡಿಗ್ರಿಯಲ್ಲಿ ಇಡಿ.

ಪ್ರೋಟೀನು ತಯಾರಿಕೆಗೆ ಕೋಶಗಳು ಮಿಲಿಲೀಟರಿಗೆ 20 ಲಕ್ಷದಿಂದ 30 ಲಕ್ಷ ಇರುವಾಗ, ಕೋಶವೊಂದಕ್ಕೆ ಐದು ವೈರಸ್ ಕಣಗಳ ಪ್ರಮಾಣದಲ್ಲಿ ಹಾಕಬೇಕು. ಲೆಕ್ಕ ಹೀಗೆ: ಒಂದು ಲೀಟರಿನಲ್ಲಿ ಮಿಲಿಲೀಟರಿಗೆ 20 ಲಕ್ಷದಂತೆ 200 ಕೋಟಿ ಕೋಶಗಳು, ಐದರಂತೆ 1,000 ಕೋಟಿ ಕಣಗಳು ಬೇಕು, ನಿಮ್ಮ ವೈರಸ್ ದ್ರವದಲ್ಲಿ ಮಿಲಿಲೀಟರಿಗೆ 100 ಕೋಟಿ ಕಣಗಳಿದ್ದರೆ 10 ಮಿಲಿಲೀಟರ್ ಹಾಕಿ. ಮರುದಿನ ಕೋಶಗಳ ವಿಭಜನೆ ನಿಂತು ಅವು ಉಬ್ಬಿರಬೇಕು. ಉಬ್ಬದಿದ್ದರೆ ವೈರಸ್ಸಿನ ಎಣಿಕೆ ತಪ್ಪಾಗಿದೆ ಎಂದರ್ಥ. ಆ ಫ್ಲಾಸ್ಕನ್ನು ಮುಂದುವರಿಸುವುದರಲ್ಲಿ ಪ್ರಯೋಜನವಿಲ್ಲ. 48 ಗಂಟೆಗಳ ಹೊತ್ತಿಗೆ ಕೊಯ್ಲು ಮಾಡಿ. ಇನ್ನಷ್ಟು ಪ್ರೋಟೀನಿನ ಆಸೆಗೆ 72 ಗಂಟೆ ಬಿಟ್ಟರೆ ಸಾಯುತ್ತಿರುವ ಕೋಶಗಳಿಂದ ಪ್ರೋಟಿಯೇಸ್‌ಗಳು ಹೊರಬೀಳುತ್ತವೆ, ಸಿಗುವುದೂ ಅರೆಬರೆ ಕತ್ತರಿಸಿದ್ದು.

ಕೊಯ್ಲಿಗೆ ಮುನ್ನ ಒಂದು ಪರೀಕ್ಷೆ ತಪ್ಪಿಸಬೇಡಿ. ಫ್ಲ್ಯಾಗ್ ಟ್ಯಾಗನ್ನು ಗುರುತಿಸುವ, ಹೊಳೆಯುವ ಪ್ರತಿಕಾಯವನ್ನು ಎರಡು ಟ್ಯೂಬುಗಳ ಕೋಶಗಳಿಗೆ ಹಾಕಿ: ಒಂದರಲ್ಲಿ ಕೋಶಗಳು ಇದ್ದಹಾಗೆಯೇ ಇರಲಿ, ಇನ್ನೊಂದರಲ್ಲಿ ಪೊರೆಗೆ ರಂಧ್ರ ಮಾಡಿರಿ. ಮೊದಲನೆಯದು ಹೊರಮೈಗೆ ಬಂದಿರುವ ರಿಸೆಪ್ಟರನ್ನೂ, ಎರಡನೆಯದು ಒಟ್ಟು ರಿಸೆಪ್ಟರನ್ನೂ ತೋರಿಸುತ್ತದೆ. ಒಟ್ಟು ಹೆಚ್ಚಿದ್ದು ಹೊರಮೈ ಖಾಲಿಯಿದ್ದರೆ ಪ್ರೋಟೀನು ಕೋಶದೊಳಗೇ ಸಿಕ್ಕಿಕೊಂಡಿದೆ, ಬಹುಪಾಲು ಮಡಿಕೆಯೂ ಕೂಡಿಲ್ಲ. ಅಂಥ ಗಸಿಯಿಂದ ಎಷ್ಟು ಲೀಟರ್ ಶುದ್ಧೀಕರಿಸಿದರೂ ಒಳ್ಳೆಯ ರಿಸೆಪ್ಟರ್ ಬರುವುದಿಲ್ಲ. ಹಿಂದಕ್ಕೆ ಹೋಗಿ ವಿನ್ಯಾಸವನ್ನು ಸರಿಪಡಿಸಿ.

ಪೊರೆಗಳನ್ನು ಬೇರ್ಪಡಿಸುವುದು

ಕೋಶಗಳ ಗಸಿಯನ್ನು 10 ಮಿಲಿಮೋಲಾರ್ ಹೆಪೆಸ್, ಪಿಎಚ್ 7.5, 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, 20 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಇರುವ ತೆಳು ಬಫರಿನಲ್ಲಿ, ಪ್ರೋಟಿಯೇಸ್ ತಡೆಯುವ ಮಾತ್ರೆಗಳೊಂದಿಗೆ ಕದಡಿ. ಮಾತ್ರೆ ಇಡಿಟಿಎ ಇಲ್ಲದ ಬಗೆಯದಾಗಿರಲಿ. ಇಡಿಟಿಎ ಮುಂದೆ ಲೋಹದ ಕಾಲಂನಿಂದ ಲೋಹವನ್ನೇ ಎಳೆದುಕೊಂಡು ಹೋಗುತ್ತದೆ. ತೆಳು ಬಫರಿನಲ್ಲಿ ಕೋಶಗಳು ನೀರು ಹೀರಿ ಉಬ್ಬುತ್ತವೆ, ಗಾಜಿನ ಡೌನ್ಸ್ ಹೋಮೊಜಿನೈಜರಿನಲ್ಲಿ ಮೂವತ್ತು ನಲವತ್ತು ಸಲ ಮೇಲೆ ಕೆಳಗೆ ಆಡಿಸಿದರೆ ಒಡೆಯುತ್ತವೆ. ನೊರೆ ಬರದಂತೆ ನಿಧಾನವಾಗಿ ಆಡಿಸಿ, ಎಲ್ಲವೂ ಐಸ್ ಮೇಲೆ ನಡೆಯಲಿ.

ಬಳಿಕ 1,00,000 ಜಿ ಬಲದಲ್ಲಿ (ಗುರುತ್ವಾಕರ್ಷಣೆಯ ಲಕ್ಷಪಟ್ಟು) 45 ನಿಮಿಷ, 4 ಡಿಗ್ರಿಯಲ್ಲಿ ತಿರುಗಿಸಿ. ಎದುರುಬದುರಿನ ಟ್ಯೂಬುಗಳನ್ನು ಕಣ್ಣಂದಾಜಿನಿಂದಲ್ಲ, ತಕ್ಕಡಿಯಲ್ಲಿ ತೂಗಿ ಸಮ ಮಾಡಬೇಕು. ಅಲ್ಟ್ರಾಸೆಂಟ್ರಿಫ್ಯೂಜಿನಲ್ಲಿ ಅಸಮತೋಲನವು ಯಂತ್ರಕ್ಕೂ ಪಕ್ಕದಲ್ಲಿ ನಿಂತವರಿಗೂ ಅಪಾಯ. ಗಸಿಯನ್ನು ಮತ್ತೊಮ್ಮೆ ಅದೇ ಬಫರಿನಲ್ಲಿ, ಆಮೇಲೆ ಎರಡು ಸಲ 1 ಮೋಲಾರ್ ಉಪ್ಪು ಸೇರಿಸಿದ ಬಫರಿನಲ್ಲಿ ಕದಡಿ ತಿರುಗಿಸಿ. ಉಪ್ಪು ಪೊರೆಗೆ ಮೇಲ್ಮೇಲೆ ಅಂಟಿಕೊಂಡ ಪ್ರೋಟೀನುಗಳನ್ನೂ ಡಿಎನ್‌ಎಯನ್ನೂ ಬಿಡಿಸುತ್ತದೆ. ಬೇಸರದ ಕೆಲಸವೆಂದು ಇದನ್ನು ಕಡಿತಗೊಳಿಸುವವರುಂಟು. ನನ್ನ ಮಟ್ಟಿಗೆ, ಕಾಲಂ ಮೇಲಿನ ಕೊಳೆಯಲ್ಲಿ ಬಹುಪಾಲು ಇಲ್ಲಿಯೇ ತೊಳೆದುಹೋಗಬೇಕಾದದ್ದು. ಶುದ್ಧ ಪೊರೆಗಳನ್ನು ಶೇಕಡ 40 ಗ್ಲಿಸರಾಲ್ ಇರುವ ಬಫರಿನಲ್ಲಿ ಕದಡಿ, ದ್ರವ ಸಾರಜನಕದಲ್ಲಿ ತಕ್ಷಣ ಹೆಪ್ಪುಗಟ್ಟಿಸಿ −80 ಡಿಗ್ರಿಯಲ್ಲಿ ಇಡಬಹುದು. ನಿಶ್ಚಿಂತೆಯಿಂದ ನಿಲ್ಲಬಹುದಾದ ಜಾಗ ಇದೊಂದೇ.

ಇದೇ ಪೊರೆಗಳ ಒಂದು ಸಣ್ಣ ಭಾಗದಲ್ಲಿ ಲಿಗಂಡ್ ಹಿಡಿಯುವ ಶಕ್ತಿಯನ್ನು ಅಳೆದು ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಅಳತೆಗಳನ್ನು ಹೋಲಿಸುವುದು ಇದರೊಂದಿಗೆ. ಪೊರೆಯಲ್ಲಿ ರಿಸೆಪ್ಟರ್ ತನ್ನ ಮನೆಯಲ್ಲಿದೆ, ಅಲ್ಲಿ ಅದು ಎಷ್ಟು ಸಮರ್ಥವಾಗಿತ್ತೆಂದು ತಿಳಿಯದಿದ್ದರೆ ಹೊರಗೆ ತಂದಾಗ ಎಷ್ಟು ಕಳೆದುಹೋಯಿತೆಂದು ಹೇಳಲಾಗದು.

ಪೊರೆಯಿಂದ ಬಿಡಿಸುವುದು

ಇಡೀ ಕೆಲಸದ ನಡುಗಂಬ ಈ ಹಂತ. ರಿಸೆಪ್ಟರಿನ ನಡುಭಾಗ ಎಣ್ಣೆಯ ಗುಣದ್ದು, ನೀರನ್ನು ಸಹಿಸದು. ಡಿಟರ್ಜೆಂಟಿನ ಅಣುಗಳು ಲಿಪಿಡ್‌ಗಳನ್ನು ಸರಿಸಿ ತಾವೇ ಆ ಭಾಗದ ಸುತ್ತ ಪಟ್ಟಿಯಂತೆ ಸುತ್ತಿಕೊಳ್ಳುತ್ತವೆ. ಸಸಿಯನ್ನು ಮಡಿಯಿಂದ ಕೀಳುವಾಗ ಬೇರಿಗೆ ಅಂಟಿದ ಒಂದಿಷ್ಟು ಮಣ್ಣನ್ನು ಉಳಿಸಿಕೊಳ್ಳುವಂತೆ, ರಿಸೆಪ್ಟರಿಗೆ ಒತ್ತಿ ಕುಳಿತ ಕೊಲೆಸ್ಟರಾಲ್ ಮುಂತಾದ ಲಿಪಿಡ್‌ಗಳನ್ನು ಉಳಿಸಿಕೊಂಡು ಉಳಿದವನ್ನು ಕಳಚುವುದೇ ಇಲ್ಲಿನ ಕೌಶಲ. ಬಲವಾದ ಡಿಟರ್ಜೆಂಟ್ ಪೂರ್ತಿ ತೊಳೆದುಬಿಡುತ್ತದೆ, ರಿಸೆಪ್ಟರ್ ಬೇಗ ಹೊರಬರುತ್ತದೆ, ಅಷ್ಟೇ ಬೇಗ ಮಡಿಕೆ ಬಿಚ್ಚುತ್ತದೆ. ಚಿಕ್ಕ ಬಾಲದ ಆಕ್ಟೈಲ್ ಗ್ಲುಕೊಸೈಡ್ ಅಂಥದ್ದು. ಉದ್ದ ಬಾಲದ ಡಿಡಿಎಂ, ಅಂದರೆ ಡೋಡೆಸೈಲ್ ಮಾಲ್ಟೊಸೈಡ್, ಸೌಮ್ಯವಾದುದು. ಅದರ ಜೊತೆಗೆ ಕೊಲೆಸ್ಟರಾಲಿಗಿಂತ ತುಸು ಹೆಚ್ಚು ಕರಗುವ ಅದರ ರೂಪವಾದ ಸಿಎಚ್‌ಎಸ್ ಅನ್ನು ಐದಕ್ಕೆ ಒಂದರಂತೆ ಬೆರೆಸಿದರೆ ಎ2ಎಯಂಥ ರಿಸೆಪ್ಟರ್ ಹೆಚ್ಚು ಕಾಲ ತಾಳುತ್ತದೆ.

ಪ್ರತಿ ಡಿಟರ್ಜೆಂಟಿಗೂ ಒಂದು ಹೊಸ್ತಿಲು ಸಾಂದ್ರತೆ ಇದೆ, ಅದಕ್ಕಿಂತ ಕಡಿಮೆಯಾದರೆ ಅಣುಗಳು ಗುಂಪುಗೂಡಿ ಮೈಸೆಲ್ ಆಗುವುದಿಲ್ಲ. ಡಿಡಿಎಂಗೆ ಇದು ಸುಮಾರು ಶೇಕಡ 0.009, ಎಲ್‌ಎಂಎನ್‌ಜಿ ಎಂಬ ಇನ್ನೊಂದು ಡಿಟರ್ಜೆಂಟಿಗೆ ಸುಮಾರು ಶೇಕಡ 0.001, ಆಕ್ಟೈಲ್ ಗ್ಲುಕೊಸೈಡಿಗೆ ಸುಮಾರು ಶೇಕಡ 0.5. ಇಲ್ಲಿಂದ ಕೊನೆಯವರೆಗೆ ನಿಮ್ಮ ಯಾವ ಬಫರೂ ಈ ಹೊಸ್ತಿಲಿನ ಕೆಳಗೆ ಇಳಿಯಬಾರದು. ಎರಡು ಮೂರು ಪಟ್ಟು ಮೇಲಿರಲಿ. ಒಂದು ಬಫರಿಗೆ ಡಿಟರ್ಜೆಂಟ್ ಹಾಕಲು ಮರೆತರೂ ಸಾಕು, ವಾರದ ಕೆಲಸ ಕಾಲಂ ಒಳಗೇ ಮುದ್ದೆಗಟ್ಟುತ್ತದೆ. ಆದ್ದರಿಂದ ಬಾಟಲಿಯ ಮೇಲೆ ಡಿಟರ್ಜೆಂಟ್ ಹಾಕಿದ ಹೊತ್ತನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯುವ ಅಭ್ಯಾಸ ಒಳ್ಳೆಯದು.

ಡಿಡಿಎಂ ಪುಡಿ ತೇವವನ್ನು ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಣೆಯ ಮಳೆಗಾಲದಲ್ಲಿ, ಮುಂಬಯಿ ಗೋವೆಗಳಲ್ಲಿ ಇನ್ನೂ ಹೆಚ್ಚಾಗಿ, −20 ಡಿಗ್ರಿಯಿಂದ ತೆಗೆದ ಬಾಟಲಿಯನ್ನು ತಕ್ಷಣ ತೆರೆದರೆ ಗಾಳಿಯ ತೇವ ಪುಡಿಯ ಮೇಲೆ ಇಳಿಯುತ್ತದೆ, ನೀವು ತೂಗುವುದರಲ್ಲಿ ನೀರೂ ಸೇರುತ್ತದೆ. ಬಾಟಲಿಯನ್ನು ಡೆಸಿಕೇಟರಿನಲ್ಲಿಟ್ಟು ಕೋಣೆಯ ಶಾಖಕ್ಕೆ ಬಂದ ಮೇಲೆ ತೆರೆಯಿರಿ. ಸಿಎಚ್‌ಎಸ್ ಹಾಗಿದ್ದರೂ ಸುಲಭಕ್ಕೆ ಕರಗದು. ಶೇಕಡ 10 ಡಿಡಿಎಂ, ಶೇಕಡ 2 ಸಿಎಚ್‌ಎಸ್ ಇರುವ ದಾಸ್ತಾನು ದ್ರಾವಣವನ್ನು ನಡುನಡುವೆ ಬಿಡುವು ಕೊಡುತ್ತ ಸೋನಿಕೇಟ್ ಮಾಡಿ, ಪೂರ್ತಿ ತಿಳಿಯಾದ ಮೇಲೆಯೇ ಬಳಸಿ.

ಈಗ ಕೆಲಸದ ಕ್ರಮ. ಪೊರೆಗಳನ್ನು ಐಸ್ ಮೇಲೆ ಕರಗಿಸಿ, 4 ಮಿಲಿಮೋಲಾರ್ ಥಿಯೊಫಿಲಿನ್ ಹಾಗೂ ಮಿಲಿಲೀಟರಿಗೆ 1ರಿಂದ 2 ಮಿಲಿಗ್ರಾಂ ಅಯೊಡೊಅಸಿಟಮೈಡ್ ಸೇರಿಸಿ ಅರ್ಧ ಗಂಟೆ ಕತ್ತಲಲ್ಲಿ ಬಿಡಿ. ಅಯೊಡೊಅಸಿಟಮೈಡ್ ಹೊರಮೈಯ ಬಿಡಿ ಸಿಸ್ಟೀನ್‌ಗಳಿಗೆ ಅಂಟಿ, ರಿಸೆಪ್ಟರ್‌ಗಳು ಒಂದಕ್ಕೊಂದು ಗಂಟುಬೀಳದಂತೆ ತಡೆಯುತ್ತದೆ. ಥಿಯೊಫಿಲಿನ್ ಲಿಗಂಡಿನ ಗುಳಿಯಲ್ಲಿ ಕುಳಿತು ಮಡಿಕೆಯನ್ನು ಬಿಗಿಯಾಗಿ ಹಿಡಿಯುತ್ತದೆ. ನಂತರ ಅಷ್ಟೇ ಪ್ರಮಾಣದ ಇಮ್ಮಡಿ ಬಫರ್ ಬೆರೆಸಿ, ಕೊನೆಗೆ 50 ಮಿಲಿಮೋಲಾರ್ ಹೆಪೆಸ್, 500ರಿಂದ 800 ಮಿಲಿಮೋಲಾರ್ ಉಪ್ಪು, ಶೇಕಡ 1 ಡಿಡಿಎಂ, ಶೇಕಡ 0.2 ಸಿಎಚ್‌ಎಸ್ ಆಗುವಂತೆ ನೋಡಿಕೊಳ್ಳಿ. ಸೋಡಿಯಂ ಇಲ್ಲಿ ಕೇವಲ ಉಪ್ಪಲ್ಲ: ಎ2ಎಯ ಒಡಲಲ್ಲಿ ಸೋಡಿಯಂ ಅಯಾನೊಂದು ಕೂರುವ ಜಾಗವಿರುವುದನ್ನು 2012ರ ಸೂಕ್ಷ್ಮ ರಚನೆ ತೋರಿಸಿತು, ಅದು ರಿಸೆಪ್ಟರಿನ ನಿಷ್ಕ್ರಿಯ ಸ್ಥಿತಿಯನ್ನು ಗಟ್ಟಿಗೊಳಿಸುತ್ತದೆ. 4 ಡಿಗ್ರಿಯಲ್ಲಿ ಎರಡೂವರೆಯಿಂದ ಮೂರು ಗಂಟೆ ಮೆಲ್ಲಗೆ ತಿರುಗಲಿ. ಮತ್ತೆ 1,00,000 ಜಿಯಲ್ಲಿ 45 ನಿಮಿಷ ತಿರುಗಿಸಿ ಮೇಲಿನ ತಿಳಿಯನ್ನು ತೆಗೆದುಕೊಳ್ಳಿ. ಸಾಧಾರಣ ಸೆಂಟ್ರಿಫ್ಯೂಜಿನ ತಿಳಿಯನ್ನು ನಂಬಬೇಡಿ. ಒಡೆದ ಪೊರೆಯ ಚೂರುಗಳು ಅದರಲ್ಲಿ ತೇಲುತ್ತಲೇ ಇರುತ್ತವೆ.

ಹೊಸ ರಿಸೆಪ್ಟರ್ ಆದರೆ ಮೊದಲು ಒಂದೊಂದು ಮಿಲಿಲೀಟರಿನಲ್ಲಿ ಮೂರು ನಾಲ್ಕು ಡಿಟರ್ಜೆಂಟ್‌ಗಳನ್ನು ಪರೀಕ್ಷಿಸಿ. ರಿಸೆಪ್ಟರಿನ ತುದಿಗೆ ಹಸಿರು ಹೊಳೆಯುವ ಜಿಎಫ್‌ಪಿಯನ್ನು ಹೆಣೆದಿದ್ದರೆ, ಶುದ್ಧೀಕರಿಸದ ತಿಳಿಯನ್ನೇ ಗಾತ್ರ ಬೇರ್ಪಡಿಸುವ ಕಾಲಂಗೆ ಕೊಟ್ಟು ಹೊಳಪನ್ನು ಮಾತ್ರ ನೋಡಬಹುದು. ಕವಾಟೆ ಮತ್ತು ಗೌಯೊ 2006ರಲ್ಲಿ ತಿಳಿಸಿದ ಈ ಉಪಾಯ ಎಷ್ಟೋ ತಿಂಗಳುಗಳ ಶ್ರಮವನ್ನು ಉಳಿಸಿದೆ. ಒಂಟಿಯಾದ, ಸಮರೂಪದ ಶಿಖರ ಕೊಡುವ ಡಿಟರ್ಜೆಂಟನ್ನು ಆರಿಸಿ, ಹೆಚ್ಚು ಪ್ರೋಟೀನು ಹೊರತರುವುದನ್ನಲ್ಲ.

ಲೋಹದ ಕಾಲಂ

ಒಂದು ಲೀಟರಿನ ಕೋಶಗಳಿಗೆ ಸುಮಾರು 1 ಮಿಲಿಲೀಟರ್ ಕೋಬಾಲ್ಟ್ ರೆಸಿನ್ ಸಾಕು. ನಿಕಲ್‌ಗಿಂತ ಇದು ಕಡಿಮೆ ಹಿಡಿಯುತ್ತದಾದರೂ ಬೇಡದ್ದನ್ನೂ ಕಡಿಮೆ ಹಿಡಿಯುತ್ತದೆ. ತಿಳಿಗೆ 20 ಮಿಲಿಮೋಲಾರ್ ಇಮಿಡಜೋಲ್ ಸೇರಿಸಿ, ರೆಸಿನ್‌ನೊಂದಿಗೆ ರಾತ್ರಿಯಿಡೀ 4 ಡಿಗ್ರಿಯಲ್ಲಿ ತಿರುಗಿಸಿ. ಬೆಳಿಗ್ಗೆ ಕಾಲಂಗೆ ಸುರಿದು, ರೆಸಿನ್‌ನ ಹತ್ತುಪಟ್ಟು ಬಫರಿನಲ್ಲಿ ತೊಳೆಯಿರಿ. ಈ ಮೊದಲ ತೊಳೆತದಲ್ಲಿ 800 ಮಿಲಿಮೋಲಾರ್ ಉಪ್ಪು, ಶೇಕಡ 10 ಗ್ಲಿಸರಾಲ್, ಶೇಕಡ 0.1 ಡಿಡಿಎಂ, 10 ಮಿಲಿಮೋಲಾರ್ ಮೆಗ್ನೀಸಿಯಂ ಮತ್ತು 8 ಮಿಲಿಮೋಲಾರ್ ಎಟಿಪಿ ಇರಲಿ; ರಿಸೆಪ್ಟರನ್ನು ಅಪ್ಪಿಕೊಂಡಿರುವ ಶಾಖಾಘಾತ ಪ್ರೋಟೀನುಗಳು ಎಟಿಪಿ ಸಿಕ್ಕಾಗ ಬಿಟ್ಟುಹೋಗುತ್ತವೆ. ಎರಡನೆಯ ತೊಳೆತದಲ್ಲಿ ಡಿಡಿಎಂ ಶೇಕಡ 0.05ಕ್ಕೆ ಇಳಿಯಲಿ, ಇಮಿಡಜೋಲ್ 50ಕ್ಕೆ ಏರಲಿ. ಕೊನೆಗೆ 250 ಮಿಲಿಮೋಲಾರ್ ಇಮಿಡಜೋಲ್‌ನಿಂದ ಸಣ್ಣ ಸಣ್ಣ ಭಾಗಗಳಲ್ಲಿ ಇಳಿಸಿಕೊಳ್ಳಿ. ಎಲ್ಲ ಬಫರುಗಳಲ್ಲೂ ಡಿಡಿಎಂನ ಐದನೇ ಒಂದರಷ್ಟು ಸಿಎಚ್‌ಎಸ್ ಮತ್ತು ಲಿಗಂಡ್ ಇರಲೇಬೇಕು.

ಯಾವ ಲಿಗಂಡ್ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ರಚನೆಯೇ ಗುರಿಯಾದರೆ ಕಾಲಂ ಮೇಲೆಯೇ ಥಿಯೊಫಿಲಿನ್ ತೊಳೆದು, ನ್ಯಾನೊಮೋಲಾರ್ ಮಟ್ಟದಲ್ಲೇ ಗಟ್ಟಿಯಾಗಿ ಹಿಡಿಯುವ ಝಡ್‌ಎಂ241385 ಎಂಬ ಲಿಗಂಡನ್ನು ತುಂಬಿ. ಆದರೆ ಲಿಗಂಡ್ ಹಿಡಿಯುವ ಶಕ್ತಿಯನ್ನು ಅಳೆಯುವುದು ಗುರಿಯಾದರೆ ಝಡ್‌ಎಂ ಹಾಕಲೇಬೇಡಿ: ಅದು ಗುಳಿಯಿಂದ ಸುಲಭಕ್ಕೆ ಏಳುವುದಿಲ್ಲ, ನಿಮ್ಮ ಅಳತೆಯಲ್ಲಿ ಒಳ್ಳೆಯ ರಿಸೆಪ್ಟರ್ ಕೂಡ ಸತ್ತಂತೆ ಕಾಣುತ್ತದೆ. ಥಿಯೊಫಿಲಿನ್ ಹಿಡಿತ ಮೈಕ್ರೊಮೋಲಾರ್ ಮಟ್ಟದ್ದು. ಕೊನೆಯಲ್ಲಿ, ಚಿಕ್ಕ ಅಣುಗಳನ್ನು ಪ್ರೋಟೀನಿನಿಂದ ಬೇರ್ಪಡಿಸುವ ಒಂದು ಸಣ್ಣ ಡಿಸಾಲ್ಟಿಂಗ್ ಕಾಲಂ ದಾಟಿಸಿದರೆ ಗುಳಿ ಖಾಲಿಯಾಗುತ್ತದೆ. ಮೊದಲೇ ಅದನ್ನು ಹದವಾದ ಲಿಗಂಡ್ ಎಂದು ಕರೆದದ್ದು ಇದೇ ಕಾರಣಕ್ಕೆ.

ಜೆಲ್‌ಗೆ ಹಾಕುವಾಗ ಮಾದರಿಯನ್ನು ಕುದಿಸಬೇಡಿ. ಕುದಿಸಿದರೆ ಪೊರೆಯ ಪ್ರೋಟೀನು ಮುದ್ದೆಯಾಗಿ ಬಾವಿಯಲ್ಲೇ ಉಳಿಯುತ್ತದೆ. 37 ಡಿಗ್ರಿಯಲ್ಲಿ ಹತ್ತು ನಿಮಿಷ ಸಾಕು. ಪಟ್ಟಿ ನಿಜವಾದ ತೂಕಕ್ಕಿಂತ ಕೆಳಗೆ ಕಂಡರೆ ಗಾಬರಿ ಬೇಡ, ಈ ಪ್ರೋಟೀನುಗಳು ಜೆಲ್‌ನಲ್ಲಿ ಬೇಗ ಓಡುತ್ತವೆ. ಮಸುಕಾಗಿ ಹರಡಿದ್ದರೆ ಸಕ್ಕರೆಯ ಕೊಂಡಿಗಳು ಕಾರಣವಿರಬಹುದು, ಅವನ್ನು ಕತ್ತರಿಸುವ ಕಿಣ್ವವಾದ ಪಿಎನ್‌ಜಿಯೇಸ್ ಎಫ್ ಹಾಕಿ ನೋಡಿ. ಪ್ರಮಾಣ ಅಳೆಯಲು ಬ್ರಾಡ್‌ಫರ್ಡ್ ವಿಧಾನ ಬೇಡ, ಡಿಟರ್ಜೆಂಟ್ ಅದರ ಬಣ್ಣವನ್ನು ಕೆಡಿಸುತ್ತದೆ. ಬಿಸಿಎ ವಿಧಾನವನ್ನು ಅನುಸರಿಸಿ.

ಸಾಂದ್ರಗೊಳಿಸುವುದು ಮತ್ತು ಗಾತ್ರದ ಕಾಲಂ

ಸಾಂದ್ರಗೊಳಿಸುವ ಸಾಧನದ ಜಾಲರಿ 100 ಕಿಲೋಡಾಲ್ಟನ್‌ನದಿರಲಿ. ರಿಸೆಪ್ಟರ್ 45 ಕಿಲೋಡಾಲ್ಟನ್ ಆದರೂ ಡಿಟರ್ಜೆಂಟ್ ಪಟ್ಟಿ ಸೇರಿ ಅದು ನೂರನ್ನು ದಾಟುತ್ತದೆ. 30 ಅಥವಾ 50ರ ಜಾಲರಿ ಬಳಸಿದರೆ ಸುಮಾರು 70 ಕಿಲೋಡಾಲ್ಟನ್ ತೂಕದ ಖಾಲಿ ಡಿಡಿಎಂ ಮೈಸೆಲ್‌ಗಳೂ ಉಳಿದು, ಪ್ರೋಟೀನಿನೊಂದಿಗೆ ಡಿಟರ್ಜೆಂಟೂ ಗಟ್ಟಿಯಾಗಿ ರಿಸೆಪ್ಟರನ್ನು ಕೆಡಿಸುತ್ತದೆ. ಐದೈದು ನಿಮಿಷ ತಿರುಗಿಸಿ, ಪ್ರತಿಸಲವೂ ಪಿಪೆಟ್ಟಿನಿಂದ ಮೆಲ್ಲಗೆ ಕಲಕಿ.

ಸೂಪರ್‌ಡೆಕ್ಸ್ 200 ಇನ್‌ಕ್ರೀಸ್ ಕಾಲಂನ 24 ಮಿಲಿಲೀಟರ್ ಗಾತ್ರದ ರೂಪಕ್ಕೆ ಅರ್ಧ ಮಿಲಿಲೀಟರಿಗಿಂತ ಹೆಚ್ಚು ಮಾದರಿ ಹಾಕಬೇಡಿ. ಹಾಕುವ ಮುನ್ನ ಒಮ್ಮೆ ವೇಗವಾಗಿ ತಿರುಗಿಸಿ ಗಸಿ ತೆಗೆಯಿರಿ. ಬಫರನ್ನು ಸೋಸಿ ಗಾಳಿ ತೆಗೆದ ಮೇಲೆ ಡಿಟರ್ಜೆಂಟ್ ಬೆರೆಸಿ. ಮೊದಲೇ ಬೆರೆಸಿದರೆ ನೊರೆ ಏಳುತ್ತದೆ. 8 ಮಿಲಿಲೀಟರಿನ ಸುತ್ತ ಬರುವ ಶಿಖರ ಮುದ್ದೆಗಟ್ಟಿದ ಪ್ರೋಟೀನಿನದು. 12ರಿಂದ 13 ಮಿಲಿಲೀಟರಿನ ಆಸುಪಾಸಿನಲ್ಲಿ ಬರುವ ಒಂಟಿ ಶಿಖರ ನಿಮಗೆ ಬೇಕಾದ್ದು. ಎರಡರ ನಡುವೆ ಹೆಗಲಿನಂತೆ ಉಬ್ಬಿದ್ದರೆ ಆ ಭಾಗವನ್ನು ಸೇರಿಸಿಕೊಳ್ಳುವ ಆಸೆಯನ್ನು ಬಿಡಿ.

ನಿಜವಾದ ಪರೀಕ್ಷೆ

ಶಿಖರ ಸುಂದರವಾಗಿರುವುದು ಸಾಲದು. ಎರಡು ಅಳತೆಗಳನ್ನು ಮಾಡಿ. ಒಂದು ಶಾಖದ ತಾಳಿಕೆ: ಸಿಪಿಎಂ ಎಂಬ ಬಣ್ಣವು ರಿಸೆಪ್ಟರಿನ ಒಳಗೆ ಅಡಗಿದ ಸಿಸ್ಟೀನ್‌ಗಳು ಹೊರಬಿದ್ದಾಗ ಮಾತ್ರ ಹೊಳೆಯುತ್ತದೆ. 20ರಿಂದ 90 ಡಿಗ್ರಿಯವರೆಗೆ ನಿಧಾನವಾಗಿ ಬಿಸಿ ಮಾಡುತ್ತ ಹೊಳಪು ಏರುವ ಬಿಂದುವನ್ನು ಗುರುತಿಸಿ. ಗಟ್ಟಿ ಲಿಗಂಡ್ ಇರುವ ಮಾದರಿಯಲ್ಲಿ ಆ ಬಿಂದು ಹಲವು ಡಿಗ್ರಿ ಮೇಲೇರಬೇಕು. ಏರದಿದ್ದರೆ ಲಿಗಂಡ್ ಕೂರುತ್ತಿಲ್ಲ, ಮಡಿಕೆ ಮೊದಲೇ ಬಿಚ್ಚಿದೆ.

ಎರಡನೆಯದು ಲಿಗಂಡ್ ಹಿಡಿಯುವ ಅಳತೆ. ಟ್ರಿಟಿಯಂ ಸೇರಿಸಿದ ಝಡ್‌ಎಂ241385 ಅನ್ನು ಹೆಚ್ಚುತ್ತ ಹೋಗುವ ಸಾಂದ್ರತೆಗಳಲ್ಲಿ ಕೊಟ್ಟು, ವಿಕಿರಣಶೀಲವಲ್ಲದ ಬೇರೊಂದು ಲಿಗಂಡನ್ನು ಹೇರಳವಾಗಿ ಹಾಕಿದ ಜೋಡಿ ಟ್ಯೂಬಿನ ಎಣಿಕೆಯನ್ನು ಕಳೆಯಿರಿ. 45 ಕಿಲೋಡಾಲ್ಟನ್ ಪ್ರೋಟೀನಿಗೆ ಒಂದೇ ಗುಳಿ ಇದ್ದು ಎಲ್ಲವೂ ಕೆಲಸ ಮಾಡುತ್ತಿದ್ದರೆ ಮಿಲಿಗ್ರಾಂಗೆ ಸುಮಾರು 22 ನ್ಯಾನೊಮೋಲ್ ಬರಬೇಕು. ಮೊಟಕುಗೊಳಿಸಿದ ರೂಪವಾದರೆ ಅದರ ತೂಕಕ್ಕೆ ತಕ್ಕಂತೆ ಮತ್ತೆ ಲೆಕ್ಕ ಹಾಕಿ. 11 ಬಂದರೆ ನಿಮ್ಮ ಶುದ್ಧ ಪ್ರೋಟೀನಿನಲ್ಲಿ ಅರ್ಧ ನಿಷ್ಪ್ರಯೋಜಕ. ಈ ಒಂದು ಸಂಖ್ಯೆಯನ್ನು ಪೊರೆಯಲ್ಲಿ, ಬಿಡಿಸಿದ ತಿಳಿಯಲ್ಲಿ, ಲೋಹದ ಕಾಲಂ ಆದ ಮೇಲೆ, ಗಾತ್ರದ ಕಾಲಂ ಆದ ಮೇಲೆ ಅಳೆದು ಒಂದೇ ಕೋಷ್ಟಕದಲ್ಲಿ ಬರೆಯಿರಿ. ಒಟ್ಟು ಕ್ರಿಯಾಶೀಲ ರಿಸೆಪ್ಟರ್ ಯಾವ ಸಾಲಿನಲ್ಲಿ ಥಟ್ಟನೆ ಇಳಿದಿದೆಯೋ ಸರಿಪಡಿಸಬೇಕಾದ್ದು ಆ ಹಂತವನ್ನೇ. ಲೀಟರಿಗೆ ಒಂದು ಮಿಲಿಗ್ರಾಂ ಕ್ರಿಯಾಶೀಲ ರಿಸೆಪ್ಟರ್ ಸಿಕ್ಕರೆ ಅದನ್ನು ಒಳ್ಳೆಯ ಇಳುವರಿ ಎಂದೇ ಎಣಿಸಿ.

ಡಿಟರ್ಜೆಂಟಿನಲ್ಲಿ ಜಿ-ಪ್ರೋಟೀನಿನ ಜೋಡಣೆಯಂಥ ಸೂಕ್ಷ್ಮ ಪ್ರಯೋಗಗಳು ಸರಿಬರದಿದ್ದರೆ ರಿಸೆಪ್ಟರನ್ನು ನ್ಯಾನೊಡಿಸ್ಕ್‌ಗೆ ವರ್ಗಾಯಿಸಬಹುದು. ಎಂಎಸ್‌ಪಿ1ಡಿ1 ಎಂಬ ಪ್ರೋಟೀನು ಲಿಪಿಡ್‌ಗಳ ಸುತ್ತ ಸೊಂಟಪಟ್ಟಿಯಾಗಿ ಸುಮಾರು 10 ನ್ಯಾನೊಮೀಟರ್ ಅಗಲದ ಬಿಲ್ಲೆಯನ್ನು ಕಟ್ಟುತ್ತದೆ. ರಿಸೆಪ್ಟರ್, ಲಿಪಿಡ್, ಪಟ್ಟಿ ಮೂರನ್ನೂ ಬೆರೆಸಿ, ಡಿಟರ್ಜೆಂಟ್ ಹೀರುವ ಬಯೊಬೀಡ್‌ಗಳನ್ನು ಹಾಕಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ತಿರುಗಿಸಿದರೆ ಬಿಲ್ಲೆಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಡಿಟರ್ಜೆಂಟ್ ಇಲ್ಲದೆಯೇ ಪೊರೆಯನ್ನು ಬಿಲ್ಲೆಗಳಾಗಿ ಕತ್ತರಿಸುವ ಸ್ಟೈರೀನ್ ಮೇಲಿಕ್ ಆಮ್ಲದ ಪಾಲಿಮರ್ ಕೂಡ ಇದೆ. ಆದರೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಇದ್ದಲ್ಲಿ ಅದು ಗಸಿಯಾಗಿ ಇಳಿಯುವುದರಿಂದ, ಮೆಗ್ನೀಸಿಯಂ ಬೇಡುವ ಜಿ-ಪ್ರೋಟೀನ್ ಪ್ರಯೋಗಗಳಿಗೆ ಹೊಂದುವುದಿಲ್ಲ.

ಸಿದ್ಧವಾದ ರಿಸೆಪ್ಟರನ್ನು ಶೇಕಡ 10ರಷ್ಟು ಗ್ಲಿಸರಾಲ್‌ನೊಂದಿಗೆ, ಒಂದು ಪ್ರಯೋಗಕ್ಕೆ ಬೇಕಾದಷ್ಟನ್ನೇ ಒಂದೊಂದು ಟ್ಯೂಬಿನಲ್ಲಿ ತುಂಬಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ −80 ಡಿಗ್ರಿಯಲ್ಲಿ ಇಡಿ. ಟ್ಯೂಬಿನ ಮೇಲೆ ಪ್ರೋಟೀನಿನ ಹೆಸರಿನ ಜೊತೆಗೆ ಡಿಟರ್ಜೆಂಟ್, ಅದರ ಪ್ರಮಾಣ, ಒಳಗಿರುವ ಲಿಗಂಡ್, ದಿನಾಂಕ ಇಷ್ಟೂ ಬರೆದಿರಲಿ. ಪ್ರತಿ ತಯಾರಿಕೆಯಿಂದ ಒಂದು ಟ್ಯೂಬನ್ನು ವಾರದೊಳಗೆ ಕರಗಿಸಿ ಗಾತ್ರದ ಕಾಲಂಗೆ ಮತ್ತೆ ಹಾಕಿ; 8 ಮಿಲಿಲೀಟರಿನ ಬಳಿ ಹೊಸ ಶಿಖರ ಎದ್ದಿದ್ದರೆ ಆ ರಿಸೆಪ್ಟರ್ ಹೆಪ್ಪುಗಟ್ಟಿಸುವುದನ್ನು ತಾಳುವುದಿಲ್ಲ, ಅದನ್ನು 4 ಡಿಗ್ರಿಯಲ್ಲಿಟ್ಟು ತಾಜಾ ಇರುವಾಗಲೇ ಬಳಸಬೇಕು. ಒಮ್ಮೆ ಕರಗಿಸಿದ ಟ್ಯೂಬಿನಲ್ಲಿ ಮಿಕ್ಕದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.